ರೈಟರ ಒಂದಿಂಚು ಮಳೆ

ಹೋದ ವಾರ ಈ ವರ್ಷದ ಮೊದಲ ಮಳೆ ಬಂತು. ಬೆಳಿಗ್ಗೆ ಹಿತ್ತಲಿಗೆ ಹೋಗಿ, ಮಳೆ ಅಳೆಯುವ ಡಬ್ಬದಲ್ಲಿದ್ದ ನೀರನ್ನು ಅಳತೆಯ ಗ್ಲಾಸಿಗೆ ಬಗ್ಗಿಸಿದೆ. ಗ್ಲಾಸನ್ನು ಕಣ್ಣಿನ ಹತ್ತಿರ ಹಿಡಿದೆ, ದೂರ ಹಿಡಿದೆ, ಕೊನೆಗೆ ಆಕಾಶಕ್ಕೆ ಎತ್ತಿ ಹಿಡಿದೆ. ನೀರು ಕಂಡಿತು, ಗೆರೆ ಕಾಣಲಿಲ್ಲ. ಕನ್ನಡಕ ಎಲ್ಲಿಟ್ಟಿದ್ದೆನೋ... (ಆಮೇಲೆ ಅಕ್ಕಿ ಡಬ್ಬದಲ್ಲಿ ಸಿಕ್ಕಿತು. ಅಲ್ಲಿಗೆ ಹೇಗೆ ಹೋಯಿತೆಂದು ದಯವಿಟ್ಟು ಕೇಳಬೇಡಿ.) ಸೊಸೆಯನ್ನು ಕರೆದೆ.

"ಬಾ ಇಲ್ಲಿ, ಇದನ್ನೊಮ್ಮೆ ಓದು ನೋಡುವ. ನೀನೂ ಕಲೀಬೇಕಲ್ಲ?"

ಮಾತು ಬಾಯಿಂದ ಹೊರಬಿದ್ದ ಮೇಲೆ ಅದು ನನ್ನದಲ್ಲ ಎಂದು ಗೊತ್ತಾಯಿತು. ಮೂವತ್ತೈದು ವರ್ಷದ ಹಿಂದೆ ಕೊಡಗಿನ ಮಾದಾಪುರದ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ನಮ್ಮ ಪಕ್ಕದ ಕ್ವಾರ್ಟರ್ಸಿನಲ್ಲಿದ್ದ ರೈಟರು ನನಗೆ ದಿನವೂ ಹೇಳುತ್ತಿದ್ದ ಮಾತು ಅದು.

ವಯಸ್ಸಾಗುತ್ತಿರುವ ಬೇರೆ ಲಕ್ಷಣಗಳನ್ನೆಲ್ಲ ನಾನು ಹೇಗೋ ಸಂಭಾಳಿಸಿಕೊಂಡು ಬಂದಿದ್ದೆ. ಬಸ್ಸಿನ ಕಂಡಕ್ಟರು ನನ್ನನ್ನು "ಅಜ್ಜಿ" ಎಂದಾಗ ಹಿಂದೆ ಯಾರೋ ಅಜ್ಜಿ ಇರಬೇಕೆಂದು ತಿರುಗಿ ನೋಡಿದ್ದೆ. ಕುರ್ಚಿಯಲ್ಲಿ ಕೂರುವಾಗ "ಅಯ್ಯೋ ರಾಮಾ", ಏಳುವಾಗ ಮತ್ತೊಮ್ಮೆ. ಮೊಮ್ಮಗನನ್ನು ಕರೆಯಲು ಹೊರಟರೆ ಮೊದಲು ಮಗನ ಹೆಸರು, ಆಮೇಲೆ ತಮ್ಮನ ಹೆಸರು, ಕೊನೆಗೆ ನಾಯಿಯ ಹೆಸರು ಬರುತ್ತದೆ. ಅಷ್ಟರಲ್ಲಿ ನಾಯಿ ಬಂದು ನಿಂತಿರುತ್ತದೆ. ಇದಕ್ಕೆಲ್ಲ ನಾನು ತಲೆ ಕೆಡಿಸಿಕೊಂಡವಳಲ್ಲ. ಆದರೆ ರೈಟರ ಮಾತು ನನ್ನ ಬಾಯಲ್ಲಿ ಬಂದಾಗ ಮಾತ್ರ ಗ್ಲಾಸು ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ.

ನಾನು ಮದುವೆಯಾಗಿ ಸಂಪಾಜೆಯಿಂದ ಆ ಎಸ್ಟೇಟಿಗೆ ಬಂದಾಗ ನನಗೆ ಇಪ್ಪತ್ತಮೂರು. ನನ್ನ ಗಂಡ ಅಲ್ಲಿ ಜೀಪಿನ ಡ್ರೈವರು. ರೈಟರು ಸೋಮವಾರಪೇಟೆ ಕಡೆಯವರು, ಆಳುಗಳ ಹಾಜರಿ ಬರೆಯುವುದು, ಮಳೆ ಅಳೆದು ಪುಸ್ತಕದಲ್ಲಿ ಗುರುತು ಹಾಕುವುದು ಅವರ ಕೆಲಸ. ಅರವತ್ತಾಗಿತ್ತೋ, ಆಗುವುದರಲ್ಲಿತ್ತೋ... ಹಣೆಗೆ ಮೂರು ಬೆರಳು ವಿಭೂತಿ, ಮೀಸೆಗೆ ಕಾಡಿಗೆಯಂಥ ಬಣ್ಣ. ತನಗೆ ವಯಸ್ಸಾಗಿದೆ ಎಂಬುದನ್ನು ಅವರು ಒಪ್ಪುತ್ತಲೇ ಇರಲಿಲ್ಲ. ಅವರ ಪ್ರಕಾರ ಕೆಟ್ಟದ್ದು ಲೋಕ. ಪೇಪರಿನವರು ಇಂಕು ಉಳಿಸಲು ಅಕ್ಷರ ಸಣ್ಣ ಮಾಡಿದ್ದರು. ಈಗಿನ ಆಳುಗಳು ಸೋಮಾರಿಗಳು, ಬಾಯಿ ಬಿಟ್ಟು ಮಾತೇ ಆಡುತ್ತಿರಲಿಲ್ಲ. ಆಫೀಸಿನ ಮೆಟ್ಟಿಲನ್ನು ಯಾರೋ ಮೇಸ್ತ್ರಿ ರಿಪೇರಿ ನೆಪದಲ್ಲಿ ಎತ್ತರ ಮಾಡಿ ಹೋಗಿದ್ದ.

ಮಳೆ ಅಳೆಯುವ ಡಬ್ಬ ಇದ್ದದ್ದು ನಮ್ಮ ಅಡಿಗೆಮನೆಯ ಹಿಂದೆ, ತಂತಿ ಬೇಲಿಯೊಳಗೆ. ನಾನು ಬಂದ ವರ್ಷದ ಮಳೆಗಾಲದಲ್ಲೇ ಒಂದು ಬೆಳಿಗ್ಗೆ ರೈಟರು ಗ್ಲಾಸು ಹಿಡಿದುಕೊಂಡು ಬಾಗಿಲಿಗೆ ಬಂದರು.

"ಏನವ್ವಾ, ಪಿಯುಸಿ ಓದಿದೀನಿ ಅಂತಿಯಲ್ಲ. ಇದನ್ನ ಓದು ನೋಡನ. ಕಲ್ತ್ಕಬೇಕು ಇವೆಲ್ಲಾನೂ."

ನಾನು ಓದಿದೆ. ಅವರು ಗ್ಲಾಸನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ತುಂಬ ಹೊತ್ತು ನೋಡಿ, "ಸರಿಯಾಗೇ ಅದೆ" ಎಂದು ಬರೆದುಕೊಂಡರು. ಮರುದಿನವೂ ಬಂದರು. ಆ ಮಳೆಗಾಲವಿಡೀ ನಾನು ದಿನಾ ಪರೀಕ್ಷೆ ಬರೆದು ದಿನಾ ಪಾಸಾದೆ. ಗುರುಗಳಿಗೆ ಗೆರೆಯೇ ಕಾಣುವುದಿಲ್ಲ ಎಂದು ನನಗೆ ಗೊತ್ತಾಗಲು ಒಂದು ತಿಂಗಳು ಹಿಡಿಯಿತು. ಗ್ಲಾಸನ್ನು ಒಮ್ಮೆ ತಲೆಕೆಳಗೆ ಹಿಡಿಯದೆ ಇದ್ದದ್ದೇ ಪುಣ್ಯ, ಅದೂ ನೀರು ಚೆಲ್ಲುತ್ತದೆಂಬ ಕಾರಣಕ್ಕೆ. ನಗು ಬರುತ್ತಿತ್ತು. ಆದರೂ ಏನೂ ಗೊತ್ತಿಲ್ಲದವಳ ಹಾಗೆ, "ಸರಿಯಾ ರೈಟರೇ?" ಎಂದು ಕೇಳುತ್ತಿದ್ದೆ. ಯಾಕೆಂದರೆ ಎಸ್ಟೇಟಿನ ಮಾಲೀಕರಾದ ಸಾಹುಕಾರರು ಜೀಪಿನಲ್ಲಿ ಹೊಸ ರೈಟರನ್ನು ಹುಡುಕುವ ಮಾತಾಡಿದ್ದನ್ನು ನನ್ನ ಗಂಡ ಕೇಳಿಸಿಕೊಂಡು ಬಂದಿದ್ದರು. ಕೆಲಸ ಹೋದರೆ ಕ್ವಾರ್ಟರ್ಸೂ ಹೋಗುತ್ತದೆ. ರೈಟರಿಗೂ ಅವರ ಹೆಂಡತಿಗೂ ಬೇರೆ ಮನೆ ಇರಲಿಲ್ಲ.

ಆ ಡಿಸೆಂಬರಿನಲ್ಲಿ ಹಳೆಯ ಗ್ಲಾಸು ಅವರ ಕೈಯಿಂದ ಬಿದ್ದು ಒಡೆಯಿತು. ಗ್ಲಾಸು ಜಾರುತ್ತಿತ್ತಂತೆ. ಮೈಸೂರಿನ ಯಾವುದೋ ಅಂಗಡಿಯಿಂದ ಹೊಸತು ಬಂತು. ಮಳೆಯಿಲ್ಲದ ಕಾಲವಾದ್ದರಿಂದ ಅದನ್ನು ಯಾರೂ ಬಿಚ್ಚಿ ನೋಡಲಿಲ್ಲ.

ಮಾರ್ಚಿನಲ್ಲಿ ಕೊಡಗಿನ ಇಬ್ಬರು ಎದುರಾದರೆ ಊಟವಾಯಿತೇ ಎಂದು ಕೇಳುವುದಿಲ್ಲ, "ನಿಮ್ಮಲ್ಲಿ ಎಷ್ಟು ಸೆಂಟ್?" ಎನ್ನುತ್ತಾರೆ. ನೂರು ಸೆಂಟಿಗೆ ಒಂದು ಇಂಚು. ಕಾಫಿ ಹೂವಾಗಲು ಹತ್ತಿರ ಹತ್ತಿರ ಒಂದಿಂಚು ಮಳೆ ಬೇಕು. ಅರ್ಧಂಬರ್ಧ ಬಂದರೆ ಮೊಗ್ಗು ಕೆಡುತ್ತದೆ, ಕೂಡಲೇ ಸ್ಪ್ರಿಂಕ್ಲರ್ ಹಾಕಿ ಉಳಿದ ನೀರು ಕೊಡಬೇಕು. ಆ ವರ್ಷದ ಹೂಮಳೆ ಬಿದ್ದಾಗ ನಾನು ಅಣ್ಣನ ಮಗುವಿನ ನಾಮಕರಣಕ್ಕೆಂದು ಸಂಪಾಜೆಯಲ್ಲಿದ್ದೆ. ಮರುದಿನ ಬಂದು ನೋಡಿದರೆ ಸ್ಪ್ರಿಂಕ್ಲರ್ ಪೈಪುಗಳೆಲ್ಲ ಶೆಡ್ಡಿಗೆ ಹೋಗುತ್ತಿದ್ದವು. ರೈಟರು ಮೀಸೆ ತಿರುವುತ್ತಾ ನಿಂತಿದ್ದರು.

"ಗ್ಲಾಸಿನ ತುಂಬ ಬಂತು ಕಣವ್ವ! ಒಂದಿಂಚು! ನಿನ್ನ ಕರೆಯೋ ತಾಪತ್ರಯನೇ ಇರ್ಲಿಲ್ಲ."

ನನ್ನ ಅಂಗಳದಲ್ಲಿ ಮಾತ್ರ ಕೋಳಿಗಳು ಧೂಳು ಕೆದರುತ್ತಿದ್ದವು. ಒಂದಿಂಚು ಮಳೆ ಬಿದ್ದ ಮರುದಿನ ಧೂಳೇ? ಬೇಲಿಯೊಳಗೆ ಹೋಗಿ ಹೊಸ ಗ್ಲಾಸನ್ನು ನೋಡಿದೆ. ಇರುವೆ ಮೊಟ್ಟೆಯಷ್ಟು ಸಣ್ಣ ಅಂಕಿ. ಇಂಚಿನದಲ್ಲ, ಮಿಲಿಮೀಟರಿನ ಗ್ಲಾಸು. ಹಳೆಯದು ತುಂಬಿದರೆ ಒಂದಿಂಚು, ಇದು ತುಂಬಿದರೆ ಬರೀ ಹತ್ತು ಮಿಲಿಮೀಟರು. ನಲವತ್ತು ಸೆಂಟೂ ಆಗುವುದಿಲ್ಲ.

ಹೇಳದಿದ್ದರೆ ಎಸ್ಟೇಟಿನ ಆ ವರ್ಷದ ಬೆಳೆ ಹೋಗುತ್ತದೆ, ಹೇಳಿದರೆ ರೈಟರು ಹೋಗುತ್ತಾರೆ. ಯೋಚಿಸುತ್ತಿರುವಾಗಲೇ ಸಾಹುಕಾರರ ಜೀಪು ಬಂತು. ಹೊಳೆಯಾಚೆಯ ತೋಟದಲ್ಲಿ ನಲವತ್ತೇ ಸೆಂಟಂತೆ, ಅವರಿಗೆ ಅನುಮಾನ ಹತ್ತಿತ್ತು.

"ಎಂತ ರೈಟರೇ, ಸರಿ ನೋಡಿದ್ದೀರಾ? ಕೊಡಿ ಇಲ್ಲಿ, ಎಷ್ಟು ಬಂದಿತ್ತು ತೋರಿಸಿ."

ರೈಟರು ನನ್ನ ಬಿಂದಿಗೆಯಿಂದಲೇ ನೀರು ತುಂಬಿಸಿ ಕೊಟ್ಟರು. ಸಾಹುಕಾರರು ಗ್ಲಾಸನ್ನು ಕಣ್ಣಿನ ಹತ್ತಿರ ಹಿಡಿದರು. ದೂರ ಹಿಡಿದರು. ಆಕಾಶಕ್ಕೆ ಎತ್ತಿ ಒಂದು ಕಣ್ಣು ಮುಚ್ಚಿದರು. ಅವರಿಗೂ ರೈಟರದೇ ವಯಸ್ಸು, ಜಂಬ ಮಾತ್ರ ಎರಡು ಪಟ್ಟು ಹೆಚ್ಚು.

"ಹೌದು. ಒಂದಿಂಚೇ," ಎಂದರು.

"ನಾನು ಹೇಳ್ನಿಲ್ವಾ," ಎಂದರು ರೈಟರು.

ಇಬ್ಬರೂ ತಲೆಯಾಡಿಸಿದರು. ಏನೂ ಕಾಣದ ಇಬ್ಬರು ಗಂಡಸರು ಇಷ್ಟು ಖಂಡಿತವಾಗಿ ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ನಗು ಒಂದು ಕಡೆ, ಹೆದರಿಕೆ ಒಂದು ಕಡೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಹೋದೆ.

"ರೈಟರೇ, ನೀವು ಹೇಳಿಕೊಟ್ಟ ಹಾಗೆ ನಾನೊಮ್ಮೆ ಓದ್ತೇನೆ. ತಪ್ಪಾದ್ರೆ ಹೇಳಿ ಆಯ್ತಾ? ಇಲ್ಲಿ ಹತ್ತು ಅಂತ ಉಂಟು. ಪಕ್ಕದಲ್ಲಿ ಮಿಲಿಮೀಟರ್ ಅಂತ ಬರೆದದ್ದಾ ಎಂತ?"

ರೈಟರು ನನ್ನ ಮುಖ ನೋಡಿದರು. ಆ ನೋಟ ಈಗಲೂ ಕಣ್ಣ ಮುಂದಿದೆ... ಮರುಕ್ಷಣವೇ ಅವರ ದನಿ ಏರಿತು.

"ನೋಡಿ ಸಾವ್ಕಾರ್ರೇ, ಅಂಗಡಿಯೋನು ಎಂಥ ಗ್ಲಾಸ್ ಕಳ್ಸವ್ನೆ! ಇಂಚಿಂದು ಕೇಳಿದ್ರೆ ಮಿಲಿಮೀಟರಿಂದು!"

"ಅದೇ ನನಗೂ ಎಂತದೋ ಸಂಶಯ ಬಂತು!" ಎಂದರು ಸಾಹುಕಾರರು. ಇಬ್ಬರೂ ಸೇರಿ ಅಂಗಡಿಯವನನ್ನು ಕಾಲು ಗಂಟೆ ಬೈದರು. ಮೈಸೂರಿನಲ್ಲಿ ಆ ಪುಣ್ಯಾತ್ಮನಿಗೆ ಎಷ್ಟು ಬಿಕ್ಕಳಿಕೆ ಬಂದಿತ್ತೋ. ಮಧ್ಯಾಹ್ನದೊಳಗೆ ಪೈಪುಗಳು ಮತ್ತೆ ತೋಟಕ್ಕೆ ಹೋದವು. ಒಂಬತ್ತನೇ ದಿನ ಗುಡ್ಡವೆಲ್ಲ ಬೆಳ್ಳಗಾಗಿ, ಹೂವಿನ ವಾಸನೆಗೆ ನಮ್ಮ ಅಡಿಗೆಮನೆಯ ಸಾರಿನ ವಾಸನೆಯೂ ಅಡಗಿಹೋಯಿತು. ಹೊಸ ರೈಟರ ಮಾತನ್ನು ಸಾಹುಕಾರರು ಆಮೇಲೆ ಎತ್ತಲಿಲ್ಲ. ಎತ್ತುವುದಾದರೂ ಹೇಗೆ? ಆ ದಿನ ಗ್ಲಾಸು ಹಿಡಿದವರಲ್ಲಿ ಅವರೂ ಒಬ್ಬರು.

ಅದೇ ತಿಂಗಳು ರೈಟರು ರಜೆ ಹಾಕಿ ಮಡಿಕೇರಿಗೆ ಹೋಗಿ ಕನ್ನಡಕ ಮಾಡಿಸಿಕೊಂಡರು. ಇದನ್ನು ಹೇಳಿದ್ದು ನನ್ನ ಗಂಡ. ಅದೇ ದಿನ ಸಾಹುಕಾರರನ್ನು ಗುಟ್ಟಾಗಿ ಅದೇ ಕನ್ನಡಕದ ಅಂಗಡಿಗೆ ಕರೆದುಕೊಂಡು ಹೋಗಿದ್ದವರು ಅವರು. ಒಳಗೆ ಎದುರಾದ ಇಬ್ಬರೂ ಹೂಮಳೆಯ ವಿಷಯ ಮಾತಾಡಿ ಹೊರಗೆ ಬಂದರಂತೆ.

ಆದರೆ ರೈಟರು ನನ್ನ ಮುಂದೆ ಒಂದು ದಿನವೂ ಕನ್ನಡಕ ಹಾಕಲಿಲ್ಲ. ಅಂಗಿಯ ಜೇಬಿನಲ್ಲಿ ಅದರ ಡಬ್ಬಿ ಉಬ್ಬಿಕೊಂಡು ಕಾಣುತ್ತಿತ್ತು. ಆದರೂ ಮಳೆ ಬಂದ ದಿನ ಗ್ಲಾಸು ಹಿಡಿದುಕೊಂಡು ಬಂದು, "ಓದು ನೋಡನ" ಎನ್ನುತ್ತಿದ್ದರು. ಆರು ಮಳೆಗಾಲ ಹೀಗೇ ನಡೆಯಿತು. ಕೆಲಸ ಬಿಟ್ಟು ಮಗಳ ಮನೆಗೆ ಹೊರಟ ದಿನ ಆ ಮಿಲಿಮೀಟರಿನ ಗ್ಲಾಸನ್ನು ಪೇಪರಿನಲ್ಲಿ ಸುತ್ತಿ ನನಗೆ ಕೊಟ್ಟರು. "ಚೆನ್ನಾಗಿ ಕಲ್ತೆ ಕಣವ್ವ" ಎಂದರು. ಎರಡು ವರ್ಷದ ಮೇಲೆ ಅವರು ಹೋದ ಸುದ್ದಿ ಬಂದಾಗ ಎಲ್ಲ ಮುಗಿದಿತ್ತು. ಒಂದು ಸಲ ಹೋಗಿ ನೋಡಿ ಬರಬೇಕಿತ್ತು. ಹೋಗಲಿಲ್ಲ. ಆ ಬೇಸರ ಇದೆ.

ಹೋದ ವಾರ ಸೊಸೆ ನನ್ನ ಕೈಯಿಂದ ತೆಗೆದುಕೊಂಡದ್ದು ಅದೇ ಗ್ಲಾಸು. ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿ, ನನ್ನಿಂದ ಅಂಕಿ ಓದಲು ಕಲಿಯಬೇಕಾದವಳೇನಲ್ಲ. ಗ್ಲಾಸನ್ನು ಕಣ್ಣ ಮಟ್ಟಕ್ಕೆ ಹಿಡಿದು, "ಏಳೂವರೆ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, ಏನೂ ಗೊತ್ತಿಲ್ಲದವಳ ಹಾಗೆ, ಬಹಳ ವಿನಯದಿಂದ ಕೇಳಿದಳು.

"ಸರಿಯಾ ಅತ್ತೆ?"

ಆ ದನಿ ನನಗೆ ಚೆನ್ನಾಗಿ ಗೊತ್ತು. ಆರು ವರ್ಷ ನಾನೇ ಬಳಸಿದ ದನಿ. ಇಷ್ಟು ಕಾಲ ನಾನು ರೈಟರನ್ನು ಬಹಳ ಜಾಣತನದಿಂದ ನಂಬಿಸಿದ್ದೇನೆ ಎಂದುಕೊಂಡು ಮೆರೆದಿದ್ದೆ. ಕೇಳಿಸಿಕೊಳ್ಳುವ ಕಡೆ ನಿಂತಾಗ ಅದು ಎಷ್ಟು ಸ್ಪಷ್ಟವಾಗಿ ಕೇಳುತ್ತದೆ! ನನ್ನ ನಾಟಕ ರೈಟರಿಗೆ ಗೊತ್ತಿತ್ತು. ಮೊದಲ ಮಳೆಗಾಲದಿಂದಲೂ ಗೊತ್ತಿತ್ತು. ನನ್ನ ಜಂಬ ಉಳಿಯಲೆಂದು ಅವರೂ ಸುಮ್ಮನಿದ್ದರು. ಇದನ್ನು ಹೇಳಿ ಇಬ್ಬರೂ ಕೂತು ನಗಬೇಕಿತ್ತು, ನಗಲು ಈಗ ಅವರಿಲ್ಲ.

ಸೊಸೆ ಕಾಯುತ್ತಿದ್ದಳು. ಗ್ಲಾಸನ್ನು ಅವಳ ಕೈಯಿಂದ ತೆಗೆದುಕೊಂಡು ಬೆಳಕಿಗೆ ಹಿಡಿದೆ, ಒಂದು ಕಣ್ಣು ಮುಚ್ಚಿ ತುಂಬ ಹೊತ್ತು ನೋಡಿದೆ.

"ಸರಿಯಾಗೇ ಅದೆ ಕಣವ್ವ," ಎಂದೆ.