ಭರ್ತಿಯಲ್ಲಿ ನಾಪಾಸಾದವರು

೧೯೪೭ರ ಚಳಿಗಾಲ. ಆಳಂದದ ನಮ್ಮ ಶಾಲೆಗೆ ಮಕ್ಕಳು ಬರುವುದು ಹೆಚ್ಚುಕಡಿಮೆ ನಿಂತೇ ಹೋಗಿತ್ತು. ಬ್ರಿಟಿಷರು ದೇಶ ಬಿಟ್ಟಿದ್ದರು, ನಮ್ಮಲ್ಲಿ ಮಾತ್ರ ನಿಜಾಮರ ರಾಜ್ಯ ಹಾಗೇ ಇತ್ತು. ಮುಂದೆ ಏನಾಗುತ್ತದೋ ಎಂಬ ಹೆದರಿಕೆಯಿಂದ ಅನುಕೂಲವಿದ್ದವರು ಖಜೂರಿಯ ದಾರಿ ಹಿಡಿದು ಸೊಲ್ಲಾಪುರದ ಕಡೆ ಹೋಗುತ್ತಿದ್ದರು. ಪಾಠವಿಲ್ಲದ ಮಾಸ್ತರನಾಗಿ ಕೂತಿದ್ದ ನನ್ನನ್ನು ಒಂದು ದಿನ ಊರಿನ ಕಾಳಿನ ವ್ಯಾಪಾರಿ ಸಾವುಕಾರರು ಮನೆಗೆ ಕರೆಸಿದರು.

ಅವರಿಗೆ ಒಬ್ಬನೇ ಮಗ. ಡಾಕ್ಟರಾಗಿ, ಮಹಾಯುದ್ಧದಲ್ಲಿ ಸೈನ್ಯ ಸೇರಿ, ಬರ್ಮಾದಲ್ಲಿ ಜ್ವರದಿಂದ ತೀರಿಕೊಂಡಿದ್ದರು. ಅಲ್ಲೇ ಮಣ್ಣು ಮಾಡಿದ್ದರಂತೆ.

"ಮಾಸ್ತರ, ಅವನ ಚರಿತ್ರಾ ಬರದು ಕೊಡ್ರಿ. ಸೊಲ್ಲಾಪುರದಾಗ ಅಚ್ಚು ಹಾಕಸ್ತೇನಿ," ಎಂದರು ಸಾವುಕಾರರು. "ಸಣ್ಣಾಂವ ಇದ್ದಾಗ ಹೈದರಾಬಾದಿಗೆ ಓದಾಕ ಕಳಿಸಿದೆ. ಸಾಲಿ ಸೂಟಿ ಬಿಟ್ಟಾಗ ಬರ್ತಿದ್ದ, ಉಂಡು ಮಲಗ್ತಿದ್ದ, ಹೋಗ್ತಿದ್ದ. ಅವ ಎಂಥಾ ಮನಷ್ಯಾ ಇದ್ದ ಅಂಬೋದು ನನಗ ಖರೇನ ಗೊತ್ತಿಲ್ರಿ."

ಹೊಗಳಿ ನಾಲ್ಕು ಪುಟ ಬರೆದುಕೊಟ್ಟಿದ್ದರೂ ಅವರು ಒಪ್ಪುತ್ತಿದ್ದರೇನೋ. ಆದರೆ ಆ ಕಡೆಯ ಮಾತು ನನ್ನನ್ನು ಬಿಡಲಿಲ್ಲ. ಊರಿನಲ್ಲಿ ವಿಚಾರಿಸಿದರೆ ಡಾಕ್ಟರು ಬಾವಿಯಲ್ಲಿ ಚೆನ್ನಾಗಿ ಈಜುತ್ತಿದ್ದರು, ಹೆಚ್ಚು ಮಾತಾಡುತ್ತಿರಲಿಲ್ಲ ಎಂಬುದಕ್ಕಿಂತ ಹೆಚ್ಚೇನೂ ಸಿಗಲಿಲ್ಲ. ಒಬ್ಬರು ಮಾತ್ರ, ಬರ್ಮಾಕ್ಕೆ ಹೋಗುವ ಮೊದಲು ಡಾಕ್ಟರು ಜೇವರ್ಗಿ ಕಡೆ ಸೈನ್ಯದ ಭರ್ತಿಗೆ ಬಂದ ಹುಡುಗರನ್ನು ಪರೀಕ್ಷೆ ಮಾಡುತ್ತಿದ್ದರು ಎಂದರು. ನಾನು ಜೇವರ್ಗಿಗೆ ಹೋದೆ. ಅಲ್ಲಿಂದ ಇಜೇರಿಗೆ, ಯಾಕೆಂದರೆ ಆ ಊರಿನಿಂದ ಬಹಳ ಹುಡುಗರು ಭರ್ತಿಯಾಗಿದ್ದರು.

ತಿರುಗಿ ಬಂದಿದ್ದವರು ಕೆಲವರೇ. ಅವರಿಗೂ ಡಾಕ್ಟರ ಮುಖ ನೆನಪಿರಲಿಲ್ಲ. ಎತ್ತಿನ ಹಲ್ಲು ನೋಡಿದ ಹಾಗೆ ನೋಡಿ ಕಳಿಸಿದರು, ಅಷ್ಟೇ ಎಂದರು. ಅವರಲ್ಲೊಬ್ಬ ಹೇಳಿದ: "ಆ ಡಾಕ್ಟರನ್ನ ದಿನಾ ನೆನಸಾಂವ ಒಬ್ಬ ಅದಾನ್ರಿ. ಹೊಲದಾಗ ಇರ್ತಾನ. ಭಾಳ ಹತ್ರ ಹೋಗಬ್ಯಾಡ್ರಿ, ಕ್ಷಯ ಅದ ಅವಗ."

ಜೋಳದ ಹೊಲದ ಬದುವಿನ ಮೇಲೆ ಒಂದು ಗುಡಿಸಲು. ಹೊರಗೆ ಹಗ್ಗ ಹೊಸೆಯುತ್ತ ಕೂತಿದ್ದವನಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಅಗಲವಾದ ಹೆಗಲು. ನನ್ನನ್ನು ಕಂಡವನೇ ಅಂಗೈ ಎತ್ತಿ ತಡೆದ.

"ಅಲ್ಲೇ ಕೂಡ್ರಿ ಮಾಸ್ತರ. ಗಾಳಿ ನಿಮ್ಮ ಕಡಿಂದ ಬೀಸಾಕತ್ತದ, ಅಲ್ಲಿದ್ರ ಏನೂ ಆಗಲ್ಲ."

ಡಾಕ್ಟರ ಹೆಸರೆತ್ತಿದ್ದಕ್ಕೆ ಅವನ ಮುಖ ಅರಳಿತು. "ದೇವರಂಥಾವ್ರು. ಉಳದವರನ್ನ ನೋಡಿ ನೋಡಿ ಕಳಸಾಕತ್ತಿದ್ರು. ನನಗ ಮಾತ್ರ, ಮನ್ಯಾಗ ಯಾರ್ಯಾರ ಅದೀರಿ ಅಂತ ಕೇಳಿದ್ರು. ಅಪ್ಪ ಇಲ್ರಿ, ಅವ್ವ ಒಬ್ಬಾಕಿ ಅಂದೆ. ಆಮ್ಯಾಲ ಎದಿಗೆ ನಳಗಿ ಇಟ್ಟು ಭಾಳ ಹೊತ್ತು ಕೇಳಿದ್ರು. ಛಾತಿ ಕೆಟ್ಟದ, ಕ್ಷಯ ಅದ, ನಾಪಾಸ್ ಅಂದ್ರು. ಅವರು ಮೊದಲೇ ಹೇಳಿದ್ದಕ್ಕ ಅವ್ವಗ ನನ್ನ ರೋಗ ಹತ್ತಲಿಲ್ರಿ."

"ಕೆಮ್ಮು ಅದ ಏನು?"

"ಇಲ್ರಿ. ಒಳಗ ಅದ. ಇನ್ನೂ ಹೊರಗ ಬಂದಿಲ್ಲ."

ಸೋದರಮಾವನ ಮಗಳೊಂದಿಗೆ ಗೊತ್ತಾಗಿದ್ದ ಮದುವೆ ಆ ವಾರವೇ ಮುರಿದುಬಿತ್ತು. ಇವನೇ ಹೊಲಕ್ಕೆ ಬಂದು ಗುಡಿಸಲು ಹಾಕಿಕೊಂಡ. ತಾಯಿ ದಿನಾ ಬದುವಿನ ಕಲ್ಲಿನ ಮೇಲೆ ರೊಟ್ಟಿ ಪಲ್ಯ ಇಟ್ಟು ಹಿಂದೆ ಸರಿದು ನಿಲ್ಲುತ್ತಿದ್ದಳು. ಅವನು ಉಂಡು ಮುಗಿಸುವವರೆಗೆ ದೂರದಿಂದಲೇ ಮಾತಾಡುತ್ತಿದ್ದಳು. ಹಿಂದಿನ ವರ್ಷ ಅವಳು ತೀರಿಕೊಂಡಳು. ಜನ ಗುಂಪು ಕೂಡಿರುತ್ತಾರೆ, ಯಾರಿಗಾದರೂ ಹತ್ತೀತು ಎಂದು ಇವನು ಮಣ್ಣು ಕೊಡಲಿಕ್ಕೂ ಹತ್ತಿರ ಹೋಗಿರಲಿಲ್ಲ. ಬೇವಿನ ಗಿಡದ ಕೆಳಗೆ ನಿಂತು ನೋಡಿದ್ದ.

ಬೇಸಿಗೆಯ ಹೊತ್ತಿಗೆ ಅಫಜಲಪುರದಲ್ಲಿ ಒಬ್ಬ ಮುದುಕರಿದ್ದಾರೆಂದು ತಿಳಿಯಿತು. ಭರ್ತಿಯ ಕಾಲದಲ್ಲಿ ಡಾಕ್ಟರ ಕಂಪೌಂಡರ್ ಆಗಿದ್ದವರು, ಮುಸಲ್ಮಾನರು. ಚೌಡಾಪುರದವರೆಗೆ ಒಂದು ಬಂಡಿ, ಅಲ್ಲಿಂದ ಇನ್ನೊಂದು. ಆ ದಿನಗಳಲ್ಲಿ ಗುರುತಿಲ್ಲದವರನ್ನು ಕಂಡರೆ ಎಲ್ಲರೂ ಬಾಗಿಲು ಹಾಕಿಕೊಳ್ಳುತ್ತಿದ್ದರು, ಅವರೂ ಮೊದಲು ಹಾಗೇ ಮಾಡಿದರು. ಡಾಕ್ಟರ ಸುದ್ದಿ ಎಂದ ಮೇಲೆ ಒಳಗೆ ಕರೆದು ಚಹಾ ಕೊಟ್ಟರು.

"ಅವರಂಥಾ ಧೈರ್ಯದ ಮನಷ್ಯಾನ್ನ ನಾ ನೋಡಿಲ್ಲ," ಎಂದರು. "ಸೈನ್ಯದ ಗೋರಾ ಸಾಹೇಬ ಬಾಜೂಕ ಕುರ್ಚಿ ಹಾಕ್ಕೊಂಡು ಕುಂತಿರ್ತಿದ್ದ. ಯಾವ ಹುಡುಗ ಅವ್ವಗ ಒಬ್ಬನೇ ಮಗ ಇರ್ತಾನ, ಅಪ್ಪ ಇರೂದಿಲ್ಲ, ಅಂಥಾವನ್ನ ಡಾಕ್ಟರು ನಾಪಾಸ್ ಮಾಡ್ತಿದ್ರು. ಕಣ್ಣು, ಕಾಲು ಸಾಹೇಬನೂ ನೋಡಬಹುದಲ್ರಿ. ಎದಿ ಒಳಗಿಂದು ನಳಗಿ ಹಚ್ಚಿದವಗಷ್ಟೇ ಕೇಳ್ತದ. ಅದಕ್ಕ ಛಾತಿ ಕೆಟ್ಟದ ಅಂತಿದ್ರು."

"ಛಾತಿ ಕೆಟ್ಟಿರಲಿಲ್ಲೇನು?"

"ಒಬ್ಬಂದೂ ಇಲ್ರಿ."

ನಾನು ಇಜೇರಿಯ ಗುಡಿಸಲಿನ ಸುದ್ದಿ ಹೇಳಿದೆ. ಅವರು ಕೈಯಲ್ಲಿದ್ದ ಚಹಾದ ಬಟ್ಟಲನ್ನು ಕೆಳಗಿಟ್ಟರು.

"ಭರ್ತಿ ಮುಗದ ಮ್ಯಾಲ ಊರೂರಿಗೆ ಹೋಗಿ ಹೇಳೂನು ಅಂತಿದ್ರು ಡಾಕ್ಟರು. ಅಷ್ಟರಾಗ ಅವರಿಗೇ ಬರ್ಮಾದ ಹುಕುಂ ಬಂತು. ನನಗ ಬಾಯಿ ಬಿಟ್ರ ಜೇಲು ಅಂತ ಅಂಜಿಕಿ. ಆಮ್ಯಾಲ, ಕೆಮ್ಮಿಲ್ಲ ಜ್ವರ ಇಲ್ಲ ಅಂದ್ರ ಹುಡುಗೂರು ತಾವೇ ಮರೀತಾರ ಅಂದ್ಕೊಂಡೆ."

ಆಳಂದಕ್ಕೆ ಬಂದು ಸಾವುಕಾರರಿಗೆ ಹೇಳಿದೆ. ಮೊದಲರ್ಧ ಕೇಳುವಾಗ ಅವರ ಕಣ್ಣು ತುಂಬಿತು. "ಛಲೋ ಕೆಲಸ ಮಾಡ್ಯಾನ ನನ್ನ ಮಗ," ಎಂದರು. ಇಜೇರಿಯವನ ಮಾತು ಬಂದಾಗ ತಲೆ ಕೆಳಗೆ ಹಾಕಿದವರು ಮತ್ತೆ ಎತ್ತಲಿಲ್ಲ. ನಾನು ಏಳುವಾಗ, "ಹಾದಿ ತೆರದ ಮ್ಯಾಲ ನನ್ನೂ ಕರಕೊಂಡು ಹೋಗ್ರಿ," ಎಂದರು.

ಹಾದಿ ಬೇಗ ತೆರೆಯಲಿಲ್ಲ. ಊರೂರಲ್ಲಿ ಸುಲಿಗೆ, ಬೆಂಕಿಯ ಗದ್ದಲ, ಬಂಡಿ ಕಟ್ಟುವವರೇ ಇಲ್ಲ; ಆಮೇಲೆ ದಾಟಬೇಕಾದ ಭೀಮೆಗೆ ಪ್ರವಾಹ. ಆ ತಿಂಗಳುಗಳೆಲ್ಲ, ಅಲ್ಲಿ ಒಬ್ಬ ಗಟ್ಟಿಮುಟ್ಟಾದ ಮನುಷ್ಯ ತನ್ನ ಸಾವಿಗೆ ಕಾಯುತ್ತ ಕೂತಿದ್ದಾನೆ ಎಂಬುದು ಉಣ್ಣುವಾಗಲೂ ನೆನಪಾಗುತ್ತಿತ್ತು. ಮಳೆಗಾಲದ ಕೊನೆಗೆ ಭಾರತದ ಸೈನ್ಯ ಬಂತು, ನಿಜಾಮರ ಆಳ್ವಿಕೆ ಮುಗಿಯಿತು. ಆದರೂ ದಾರಿಯ ಹಳ್ಳಿಗಳಲ್ಲಿ ಸುಟ್ಟ ಮನೆಗಳು, ಬೀಗ ಹಾಕಿದ ಮನೆಗಳು. ಬಂಡಿಯಲ್ಲಿ ಸಾವುಕಾರರು ಒಂದು ಮಾತೂ ಆಡಲಿಲ್ಲ.

ಇಜೇರಿಯ ಹೊಲದಲ್ಲಿ ಅವನು ಹಿಂದಿನಂತೆಯೇ ಅಂಗೈ ಎತ್ತಿದ. ಸಾವುಕಾರರು ನಿಲ್ಲಲಿಲ್ಲ, ಹೋಗಿ ಅವನ ಬಗಲಲ್ಲೇ ಕೂತರು.

"ನಾ ಆ ಡಾಕ್ಟರನ ಅಪ್ಪ. ನನ್ನ ಮಗ ನಿನಗ ಸುಳ್ಳು ಹೇಳ್ಯಾನ, ತಮ್ಮಾ. ನಿನಗ ಯಾವ ರೋಗೂ ಇಲ್ಲ. ನೀ ಸತ್ರ ನಿಮ್ಮವ್ವಗ ಯಾರೂ ಇಲ್ಲಂತ ಹಂಗ ಹೇಳ್ಯಾನ."

ಅವನು ಎದ್ದು ದೂರ ಸರಿದು ನಿಂತ. ನನ್ನ ಮುಖ ನೋಡಿದ. "ಡಾಕ್ಟರು ಹೇಳಿದ್ದನ್ನ ನೀವು ಸುಳ್ಳು ಅಂದ್ರ ಹೆಂಗ ನಂಬಬೇಕ್ರಿ?"

ಜೇವರ್ಗಿಯ ದವಾಖಾನೆಗೆ ಹೊರಡಿಸಿದೆವು. ಬಂಡಿ ಹತ್ತು ಎಂದರೆ ಹತ್ತಲಿಲ್ಲ, ಹಿಂದೆ ನಡೆದುಕೊಂಡೇ ಬಂದ. ಅಲ್ಲಿಯ ಡಾಕ್ಟರು ಎದೆ, ಬೆನ್ನು ಎಲ್ಲ ನೋಡಿ, "ಯಾರ್ರೀ ಇವಗ ಕ್ಷಯ ಅಂದವ್ರು? ಕಲ್ಲಿನಂಥಾ ಮೈ," ಎಂದು ನಕ್ಕರು. ನಾವು ಯಾರೂ ನಗಲಿಲ್ಲ.

ಅವನು ಹೊರಗೆ ಬಂದು ಕಟ್ಟೆಯ ಮೇಲೆ ಕೂತ. "ಅವ್ವನ ಮಾರಿ ಮುಟ್ಟಬಹುದಿತ್ತು," ಎಂದ. ಮತ್ತೆ ಸ್ವಲ್ಪ ಹೊತ್ತಿಗೆ, "ಕೊನೀಗೆ ಒಮ್ಮೆ ಕರದಿದ್ಲು. ನಾ ಹೋಗಲಿಲ್ಲ."

ಸಾವುಕಾರರು ಕೇಳಿದರು, "ಅವನ ಮ್ಯಾಲ ಸಿಟ್ಟು ಬರಾಕತ್ತದೇನು?"

"ಈಗ ಗೊತ್ತಾಗವಲ್ದು ಸಾವುಕಾರ್ರ. ನಾಳಿ ಬಂದೀತು." ಆಮೇಲೆ ತಾನಾಗಿಯೇ ಹೇಳಿದ. "ನಾಪಾಸ್ ಅನ್ನಾಗ ನನ್ನ ಹೆಗಲ ಮ್ಯಾಲ ಕೈ ಇಟ್ಟಿದ್ರು. ಅವರ ಕೈ ತಣ್ಣಗಿತ್ತು."

ಅವನ ಜೊತೆ ಅಂದು ಸಾಲಿನಲ್ಲಿ ನಿಂತು ಪಾಸಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಹುಡುಗರು ತಿರುಗಿ ಬಂದಿಲ್ಲ. ಅದನ್ನು ಅವನಿಗೆ ಹೇಳಬೇಕೆಂದು ಬಾಯಿಗೆ ಬಂದರೂ ನಾನು ಹೇಳಲಿಲ್ಲ. ಅವನಿಗೆ ಅದು ಗೊತ್ತೇ ಇತ್ತು.

ಅವನು ಗುಡಿಸಲು ಕಿತ್ತು ಊರೊಳಗಿನ ಮನೆಗೆ ಹೋದ. ದವಾಖಾನೆಯ ಡಾಕ್ಟರ ಮಾತನ್ನು ನಾವೇ ಚಾವಡಿಯಲ್ಲಿ ಹೇಳಿ ಬಂದಿದ್ದೆವು. ಜನ ಹೌದ್ರಿ ಹೌದ್ರಿ ಎಂದರು, ಅವನ ಕೈಯ ನೀರು ಮಾತ್ರ ಕುಡಿಯಲಿಲ್ಲ. ಸುಗ್ಗಿಗೆ ಮೊದಲೇ ಅವನು ಗುರುತು ಹಿಡಿಯುವವರಿಲ್ಲದ ಸೊಲ್ಲಾಪುರದ ಗಿರಣಿಗೆ ಹೋದನೆಂದು ಕೇಳಿದೆ. ಆಮೇಲೆ ಅವನ ಸುದ್ದಿಯಿಲ್ಲ.

ಕಂಪೌಂಡರ್ ನೆನಪಿನಿಂದ ಹೀಗೆ ನಾಪಾಸಾದವರ ಇನ್ನೂ ಕೆಲವು ಊರು ಹೇಳಿದ್ದರು. ವರ್ಷದ ಕೊನೆಯ ತಿಂಗಳುಗಳನ್ನು ನಾನೂ ಸಾವುಕಾರರೂ ಬಂಡಿಯಲ್ಲೇ ಕಳೆದೆವು. ಖಜೂರಿಯವನೊಬ್ಬ ನಮ್ಮ ಮಾತು ಕೇಳಿ ನಕ್ಕುಬಿಟ್ಟ. ಅವನು ಆ ಕ್ಷಯದ ಮಾತನ್ನು ಒಂದು ದಿನವೂ ನಂಬಿರಲಿಲ್ಲ, ಮೂರು ಮಕ್ಕಳಾಗಿದ್ದವು. ಆ ದಿನ ಸಾವುಕಾರರು ದಾರಿಯಲ್ಲಿ ಸ್ವಲ್ಪ ಮಾತಾಡಿದರು. ಮತ್ತೊಬ್ಬ ಊರು ಬಿಟ್ಟು ಎಲ್ಲಿ ಹೋದನೋ ಯಾರಿಗೂ ತಿಳಿಯದು. ಅಫಜಲಪುರದ ಆಚೆಯ ಹಳ್ಳಿಯೊಂದರಲ್ಲಿ ನಾವು ಹುಡುಕಿ ಹೋದವನ ಹೆಸರು ಹೇಳಿದ ಕೂಡಲೇ ಅವನ ಅಕ್ಕ ಬಾಗಿಲು ಮುಚ್ಚಿದಳು. ಬದುಕಿದ್ದಾನೋ ಇಲ್ಲವೋ, ಅದನ್ನೂ ಹೇಳಲಿಲ್ಲ. ಸಾವುಕಾರರು ಆ ಬಾಗಿಲಿನ ಮುಂದೆ ನಿಂತು, "ಅವಗ ಏನೂ ಆಗಿಲ್ಲವ್ವಾ, ಏನೂ ಆಗಿಲ್ಲ," ಎಂದು ಒಳಗೆ ಕೇಳುವ ಹಾಗೆ ಹೇಳುತ್ತಲೇ ಇದ್ದರು. ಕೊನೆಗೆ ನಾನೇ ಅವರ ರಟ್ಟೆ ಹಿಡಿದು ಬಂಡಿಗೆ ಹತ್ತಿಸಿದೆ.