ಎತ್ತಿದ ಕಾಲು

ಆ ಕಾಲದಲ್ಲಿ ಬಯಲು ಸಿನೇಮಾ ಬಂದರೆ ಊರೆಲ್ಲ ಒಟ್ಟಿಗೆ ಕೂತು ನಗುತ್ತಿತ್ತು ಎಂದು ನನ್ನ ವಾರಿಗೆಯವರು ಬರೆಯುತ್ತಾರೆ. ಸುಳ್ಳು. ಒಟ್ಟಿಗೆ ಕೂತಿರಲಿಲ್ಲ. ನೆನಪಿಗೆ ಬೆಲ್ಲ ಸವರುವ ಚಟ ಎಲ್ಲರಿಗೂ ಇದೆ. ನನ್ನ ನೆನಪನ್ನೂ ನಾನು ಪೂರ್ತಿ ನಂಬುವುದಿಲ್ಲ. ಆದರೆ ಕೂತ ಜಾಗ ಮರೆತಿಲ್ಲ.

ನಿಜಾಮರ ಆಳ್ವಿಕೆ. ಮಣ್ಣೂರಿನ ಹೊಳೆದಂಡೆಯ ಮರಳಿನಲ್ಲಿ ಬಿಳಿ ಪರದೆ ಕಟ್ಟಿದ್ದರು. ಊರವರು ಪರದೆಯ ಮುಂದೆ, ನಮ್ಮ ಕೇರಿಯವರು ಹಿಂದೆ. ಬಟ್ಟೆ ಒದ್ದೆಯಾಗಿದ್ದರೆ ಹಿಂದಿನಿಂದಲೂ ಚಿತ್ರ ಕಾಣುತ್ತದೆ, ಎಡಬಲ ಅದಲುಬದಲಾಗಿ. ಆ ಬಟ್ಟೆಗೆ ಭೀಮಾ ಹೊಳೆಯ ನೀರು ಹೊತ್ತು ತಂದು ಎರಚಿದವಳು ನನ್ನ ಸೋದರತ್ತೆ ಭಾಗವ್ವ. ಹಗಲೆಲ್ಲ ಗೌಡರ ವಾಡೆಯ ಹೊರಗೋಡೆಗೆ ಸುಣ್ಣ ಬಳಿದು ಬಂದಿದ್ದಳು. ಅವಳ ಮಡಿಲಿನ ಹುರಿದ ಶೇಂಗಾಕ್ಕೂ ಸುಣ್ಣದ ವಾಸನೆ.

ಚಿತ್ರದಲ್ಲಿ ಮಾತಿರಲಿಲ್ಲ. ಒಬ್ಬ ಆಳು ಗೋಡೆಗೆ ಸುಣ್ಣ ಬಳಿಯುತ್ತಾನೆ. ಡೊಳ್ಳು ಹೊಟ್ಟೆಯ ಧಣಿ ಬಂದು ಬಂದು ಬೆತ್ತದಿಂದ ಅವನ ತಲೆಗೆ ಕುಟ್ಟುತ್ತಾನೆ. ಏಣಿ ಜಾರುತ್ತದೆ, ಧಣಿಯ ತಲೆ ಬಕೆಟ್ಟಿನಲ್ಲಿ ಸಿಕ್ಕಿಕೊಳ್ಳುತ್ತದೆ. ಅತ್ತೆ ತೊಡೆ ತಟ್ಟಿಕೊಂಡು, "ಹಾಂಗ ಆಗಬೇಕ ನೋಡ ಅವಂಗ!" ಎನ್ನುತ್ತಿದ್ದಳು. ಕೊನೆಗೆ ಧಣಿ ಸುಣ್ಣದ ತೊಟ್ಟಿಯೊಳಗೆ ಬಗ್ಗಿ ನೋಡಿದ. ಆಳು ಮೆಲ್ಲಗೆ ಹಿಂದೆ ಬಂದು ಕಾಲೆತ್ತಿದ.

ಪರದೆ ಕಪ್ಪಾಯಿತು.

ಮುಂದಿನಿಂದ ಗೌಡರ ದನಿ ಬಂತು: "ಸಾಕು, ಆರಸಲೇ. ಆ ಕಡಿ ಭಾಳ ನಗಾಕತ್ತಾವ."

"ಆಟ ಖತಂ!" ಎಂದು ಸಿನೇಮಾದವನು ಕೂಗಿದ.

ಅತ್ತೆ ಎದ್ದು ನಿಂತಳು. "ಎಲ್ಲಿ ಖತಂ ಆಗ್ಯಾದ್ರಿ? ಕಾಲ ಎತ್ಯಾನ, ಇನ್ನ ಒದ್ದಿಲ್ಲ!"

ಕೇರಿಯೆಲ್ಲ ಹೋ ಎಂದು ನಕ್ಕಿತು. ಅತ್ತೆ ನಗಲಿಲ್ಲ.

ಮರುದಿನ ಅದೇ ಚಿತ್ರ ಮತ್ತೆ ಇತ್ತು. ನಮಗೆ ಪರದೆಯ ಹಿಂದೆಯೂ ಜಾಗವಿಲ್ಲ, ಬೆಳಕಿರುವಾಗಲೇ ನೀರು ತಂದು ಹಾಕಿ ಹೋಗಬೇಕು ಎಂದು ಗೌಡರ ಕಡೆಯವನೊಬ್ಬ ಬಂದು ಹೇಳಿದ.

"ನಿಮ್ಮ ಗೌಡಗೇ ಹೊರಾಕ ಹೇಳ ಹೋಗೋ," ಎಂದಳು ಅತ್ತೆ.

ಗೌಡರ ಮೊಮ್ಮಗಳು ಗಂಗವ್ವ, ಆ ರಾತ್ರಿ ಆಟವನ್ನು ಕೊನೆತನಕ ನೋಡಿದವಳು, ಮಾರನೆಯ ಬೆಳಿಗ್ಗೆ ಹೊಳೆಯ ಹತ್ತಿರ ಸಿಕ್ಕಳು. ನನ್ನದೇ ವಯಸ್ಸು. ಆದರೂ ನಾನು ಬಹುವಚನದಲ್ಲೇ ಕೇಳಬೇಕು.

"ಗಂಗವ್ವಾರ, ಕಡೀಕ ಏನಾತ್ರಿ?"

"ಏನಾಗ್ತದ? ಕಾಲ ಇಳಿಸಿ ಧಣಿ ಕಾಲಿಗಿ ಬಿದ್ದ."

"ಖರೇ ಏನ್ರೀ?"

"ನೀ ನೋಡೀಯೇನ? ಇಲ್ಲಲ್ಲ? ಹಂಗಾರ ಸುಮ್ಕಿರ."

ಅತ್ತೆಗೆ ಇದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಒದ್ದ ಎಂದೇ ಹೇಳಿದೆನೋ, ಏನೂ ಹೇಳಲಿಲ್ಲವೋ. ಇಲ್ಲಿ ನೆನಪು ಕೈಕೊಡುತ್ತದೆ.

ಈಗ ಥೇಟರಿನಲ್ಲಿ ಬೇಕಾದ ಕುರ್ಚಿಯಲ್ಲಿ ಕೂರುತ್ತೇನೆ. ಧಣಿಗಳು ಒದೆ ತಿಂದು ಉರುಳುವ ಆಟಗಳನ್ನು ಎಷ್ಟೋ ನೋಡಿದೆ. ಆ ಚಿತ್ರ ಮಾತ್ರ ಮತ್ತೆ ಸಿಗಲಿಲ್ಲ. ಹೊಳೆದಂಡೆಯ ಸಿನೇಮಾ ಎಷ್ಟು ಚಂದವಿತ್ತು ಎಂದು ಯಾರಾದರೂ ನಿಟ್ಟುಸಿರು ಬಿಟ್ಟರೆ ನನಗೆ ಮೈ ಉರಿಯುತ್ತದೆ. ನಮ್ಮತ್ತೆ ಆ ಕೊನೆ ನೋಡದೆಯೇ ಸತ್ತಳು.