ಒಲೆಯೊಳಗಿನ ಹಣತೆ

ಆ ಹೆರಿಗೆಗೆ ನನಗೆ ತಗುಲಿದ ಖರ್ಚು ಒಂದು ಹೊಸ ಮಣ್ಣಿನ ಒಲೆ. ಕುಂಬಾರಗಿತ್ತಿಯ ಹತ್ತಿರ ಚೌಕಾಸಿ ಮಾಡಿ ನಾನೇ ಹೊತ್ತು ತಂದದ್ದು. ಔಷಧದಿಂದ ಆಗದ ಕೆಲಸ ಅದರಿಂದ ಆಗಬೇಕಿತ್ತು.

1944ರ ಬೇಸಿಗೆ. ನಿಜಾಮರ ಕಾಲದ ಸೇಡಂನಲ್ಲಿ ನಾನು ಮಿಡ್‌ವೈಫ್, ಊರವರ ಬಾಯಲ್ಲಿ 'ಬಾಯಿ'. ಸಂತೆಯಲ್ಲಿ ಬಳೆ ಮಾರುತ್ತ ಓದಿದವಳು. ಮೊದಲು ದೊಡ್ಡ ಬೆಲೆ ಹೇಳಿ ಆಮೇಲೆ ಇಳಿಸುವುದನ್ನು ಕಲಿತದ್ದೂ ಅಲ್ಲೇ. ಅದೇ ಊರಿನ ನೀಲವ್ವ ಆಗ ಮೂರು ತಿಂಗಳ ಬಸುರಿ. ಹಿಂದಿನ ಕೂಸು ಹುಟ್ಟಿ ಉಳಿದಿರಲಿಲ್ಲ. ಈಗ ಗುಟುಕು ನೀರೂ ಹೊಟ್ಟೆಯಲ್ಲಿ ನಿಲ್ಲದು. ನಮ್ಮ ದವಾಖಾನೆಯ ಡಾಕ್ಟರು ಇದನ್ನು ಹೈಪರೆಮೆಸಿಸ್ ಎಂದರು: ಬಸುರಿನ ವಾಂತಿ ಮಿತಿಮೀರಿ ತಾಯಿಯ ಮೈ ಒಣಗುವುದು, ಹೊಟ್ಟೆಯ ಕೂಸೂ ಸೊರಗಿ ಸಣ್ಣದಾಗಿ ಹುಟ್ಟಬಹುದು. ಸಲಾಯಿನ್ ಹಾಕಿದಾಗ ಚೇತರಿಸಿಕೊಂಡಳು. ಮನೆಗೆ ಹೋದದ್ದೇ ಮತ್ತೆ ಶುರು.

ನೋಡಲು ಹೋದೆ. ಕಿಟಕಿಯಿಲ್ಲದ ಒಂದೇ ಕೋಣೆಯ ಕಲ್ಲಿನ ಮನೆ. ಒಲೆಯ ಮೇಲೆ ಬೆಳ್ಳುಳ್ಳಿ ಒಗ್ಗರಣೆ, ಪಕ್ಕದಲ್ಲೇ ಅವಳ ಹಾಸಿಗೆ.

"ಬಾಯಿ, ಕಣ್ ಮುಚ್ಚಿದ್ರ ಕಾಗಿಣಾ ಹೊಳಿ ಹರಿಲಿಕತ್ತದ. ಬೊಗಸಿಲೆ ಕುಡೀತೀನಿ. ಆ ನೀರ್ ಮಾತ್ರ ಹೊಟ್ಯಾಗ ನಿಲ್ತದ," ಎಂದಳು, ಕಣ್ಣು ತೆರೆಯದೆ.

ಅತ್ತೆ ಶಿವಮ್ಮ ನಕ್ಕರು. "ವಾಂತಿ ಹೆಚ್ಚಾದ್ರ ಕೂಸಿನ ತಲಿ ತುಂಬ ಕೂದಲ ಇರ್ತಾವ ಬಾಯಿ."

"ಕೂದಲಿಗಿ ಮೊದಲ ತಲಿ ಬೇಕಲ್ರಿ ಶಿವಮ್ಮ!"

ಅವರ ನಗು ನಿಂತಿತು. ನಾನು ದೊಡ್ಡ ಬೆಲೆಯಿಂದಲೇ ಶುರುಮಾಡಿದೆ. "ಕಲಬುರ್ಗಿ ದವಾಖಾನಿಗಿ ಒಯ್ತೀನಿ. ಹೆರಿಗಿ ತನಕ ಅಲ್ಲೇ ಇರ್ಲಿ."

"ಹೆರಿಗಿ ತನಕ? ಮಂದಿ ಏನಂದಾರು!"

"ಹಂಗಾದ್ರ ಈ ಒಲಿ ಹೊರಗ ಹಾಕ್ರಿ. ಒಗ್ಗರಣಿ ವಾಸನಿಗೇ ವಾಂತಿ ಆಗ್ಲಿಕತ್ತದ."

"ಬಸರಿ ಇದ್ದ ಮನ್ಯಾಗ ಒಲಿ ಕೀಳ್ತಾರೇನು? ಒಲಿ ತಣ್ಣಗ ಬಿದ್ರೂ ಛಲೋ ಅಲ್ಲ."

ವಿಭೂತಿ ಹಚ್ಚಿದ ಆ ಒಲೆಯನ್ನೇ ನೋಡುತ್ತ ಕುಳಿತೆ. ಅವರಿಗೆ ಬೇಕಾದದ್ದು ಬೆಂಕಿ. ನನಗೆ ಬೇಡವಾದದ್ದು ಒಗ್ಗರಣೆ.

"ಕೀಳಬ್ಯಾಡ್ರಿ. ದಿನಾ ಇದರೊಳಗ ಒಂದ್ ಹಣತಿ ಹಚ್ಚಿಡ್ರಿ. ಅಡಗಿ ಹಿತ್ತಲದಾಗ ಆಗ್ಲಿ, ಹೊಸ ಒಲಿ ನಾ ತರ್ತೀನಿ. ಆದ್ರೂ ನೀರ್ ನಿಲ್ಲಲಿಲ್ಲಂದ್ರ ಕಲಬುರ್ಗಿನೇ!"

"ಎಣ್ಣಿ?"

"ಎಣ್ಣಿ ನಿಮ್ದ್ರಿ."

ಹೊಸ ಒಲೆಯನ್ನು ಹಿತ್ತಲಲ್ಲಿ ಹೂಡಿದ ದಿನ ಮುಸ್ಸಂಜೆ ಹಳೆಯ ಒಲೆಯೊಳಗೆ ಹಣತೆ ಉರಿಯಿತು. ಶಹಾಬಾದ್ ಕಲ್ಲಿನ ನೆಲದ ಮೇಲೆ ಬೆಳಕು ತೆರೆತೆರೆಯಾಗಿ ಅಲುಗಿ, ಕೋಣೆ ಹೊಳೆಯ ತಳದಂತೆ ಕಂಡಿತು. ಆ ತಂಪು ಬೆಳಕಿನಲ್ಲಿ ಸಕ್ಕರೆ, ಉಪ್ಪು ಬೆರೆಸಿದ ನೀರನ್ನು ಚಮಚೆಯಿಂದ ತುಟಿಗೆ ಹನಿಸಿದೆ. ನುಂಗಿದಳು. ಕಾದೆವು. ನೀರು ನಿಂತಿತು. ಮರುದಿನದಿಂದ ನೀಲವ್ವ ಹಾಸಿಗೆಯಿಂದ ಏಳುವ ಮೊದಲೇ ಓಕರಿಕೆ ತಡೆಯಲು ಒಣರೊಟ್ಟಿಯ ಚೂರು ಕೊಡುವ ಕೆಲಸ ಶಿವಮ್ಮನೇ ವಹಿಸಿಕೊಂಡರು.

ದಿನ ತುಂಬಿ ಹೆಣ್ಣು ಕೂಸು ಹುಟ್ಟಿತು. ಸಣ್ಣದು, ಎರಡು ಅಂಗೈಗಳಲ್ಲಿ ಹಿಡಿಸುವಷ್ಟು. ಅಳು ಮಾತ್ರ ಓಣಿಗೆಲ್ಲ ಕೇಳುವಂತಿತ್ತು. ತಾಯಿಯ ಎದೆಗೆ ಒತ್ತಿ ಮಲಗಿಸಿ, ಮೇಲೆ ಕೌದಿ ಹೊದಿಸಿ, ಮತ್ತೆ ಮತ್ತೆ ಹಾಲೂಡಿಸಿದೆವು. ಬರಬರುತ್ತ ಮೈ ತುಂಬಿಕೊಂಡಿತು.

ನಾನು ಅದರ ಬೋಳುತಲೆ ಸವರಿ, "ಕೂದಲ ಎಲ್ರಿ ಶಿವಮ್ಮ?" ಎಂದೆ.

"ತಲಿ ಬಂದದಲ್ಲ ಬಾಯಿ. ಕೂದಲ ಹಿಂದಿಂದ ಬರ್ತಾವ," ಎಂದರು.

ನೀವೂ ಕೇಳಿಸಿಕೊಳ್ಳಿ. ಬಸುರಿಗೆ ನೀರೂ ನಿಲ್ಲದಿದ್ದರೆ, ಮೂತ್ರ ಕಡಿಮೆಯಾದರೆ, ಕೂದಲಿನ ಮಾತು ಬಿಟ್ಟು ದವಾಖಾನೆಗೆ ಹೋಗಿ. ಅವಳ ಹಾಸಿಗೆಯನ್ನು ಒಗ್ಗರಣೆಯ ವಾಸನೆ ಬಾರದ ಕಡೆ ಹಾಕಿ. ಮನೆಯವರು ಒಪ್ಪದಿದ್ದರೆ, ಸಂತೆಯಲ್ಲಿ ದೊಡ್ಡ ಬೆಲೆ ಹೇಳುವ ಹಾಗೆ, ಮೊದಲು ಕಲಬುರ್ಗಿಯನ್ನೇ ಕೇಳಿ. ಕೊನೆಗೆ ಒಲೆಯಾದರೂ ಹಿತ್ತಲಿಗೆ ಹೋಗುತ್ತದೆ.